ಬೋನ್ಸಾಯ್ ಕುಂಡ ಬದಲಿಸೋಕೆ ಸರಿಯಾದ ಕಾಲ ಯಾವುದು?

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ ಮೂರು ಬೋನ್ಸಾಯ್ ಇವೆ. ಒಂದು ಫೈಕಸ್, ಒಂದು ಮೇಪಲ್, ಇನ್ನೊಂದು ಜುನಿಪರ್. ಮೂರಕ್ಕೂ ಒಂದೇ ದಿನ ಕುಂಡ ಬದಲಿಸಿ ಮುಗಿಸಿಬಿಡೋಣ ಅಂತಿದ್ದೇನೆ. ಒಬ್ಬರು ಚಳಿ ಮುಗಿಯುವಾಗ ಮಾಡಿ ಅನ್ನುತ್ತಾರೆ, ಇನ್ನೊಬ್ಬರು ಚೆನ್ನಾಗಿ ಸೆಕೆ ಬರಲಿ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತೂ ಸರಿಯೇ, ಅವರು ಹೇಳುತ್ತಿರುವ ಮರಗಳು ಬೇರೆ ಅಷ್ಟೇ. ಮೂರನ್ನೂ ಒಂದೇ ದಿನ ಮಾತ್ರ ಮಾಡಬೇಡಿ. ಕುಂಡ ಬದಲಿಸುವುದೆಂದರೆ ಹಳೆ ಮಣ್ಣು ತೆಗೆದು, ಬೇರು ಸ್ವಲ್ಪ ಕತ್ತರಿಸಿ, ಹೊಸ ಮಣ್ಣಿಗೆ ಹಾಕುವುದು. ಆ ಗಾಯವನ್ನು ಪ್ರತಿ ಮರ ಬೇರೆ ಬೇರೆ ಕಾಲದಲ್ಲಿ ತಡೆದುಕೊಳ್ಳುತ್ತದೆ.

ಮೊದಲು ಮೇಪಲ್. ಅದು ಎಲೆ ಉದುರಿಸುವ ಮರ. ಚಳಿಗಾಲಕ್ಕೆ ಬೇಕಾದ ಆಹಾರವನ್ನು ಬೇರು, ಕಾಂಡಗಳಲ್ಲಿ ಕೂಡಿಟ್ಟುಕೊಂಡು ನಿದ್ದೆ ಹೋಗಿರುತ್ತದೆ. ಚಳಿ ಕಡಿಮೆಯಾಗುತ್ತಿದ್ದಂತೆ ಆ ದಾಸ್ತಾನು ಮೊಗ್ಗಿನ ಕಡೆ ಹರಿಯುತ್ತದೆ. ಆಗ ರೆಂಬೆಯ ತುದಿಯನ್ನು ಹತ್ತಿರದಿಂದ ನೋಡಿ. ಗಟ್ಟಿಯಾಗಿ ಮುಚ್ಚಿಕೊಂಡಿದ್ದ ಮೊಗ್ಗು ದಪ್ಪಗಾಗಿ, ಮೇಲಿನ ಹೊದಿಕೆ ಸ್ವಲ್ಪ ಬಿರಿದು, ಒಳಗಿನ ಎಳೆ ಬಣ್ಣ ಗೆರೆಯ ಹಾಗೆ ಕಾಣಿಸುತ್ತದೆ. ಎಲೆ ಇನ್ನೂ ಬಿಚ್ಚಿರುವುದಿಲ್ಲ. ಅದೇ ನಿಮ್ಮ ಸಮಯ. ಎಲೆ ಇಲ್ಲದ ಕಾರಣ ಮರಕ್ಕೆ ಜಾಸ್ತಿ ನೀರು ಬೇಕಾಗುವುದಿಲ್ಲ, ಬೇರು ಕತ್ತರಿಸಿದರೂ ತಡೆದುಕೊಳ್ಳುತ್ತದೆ, ಇನ್ನು ಕೆಲವೇ ದಿನಗಳಲ್ಲಿ ಹೊಸ ಬೇರು ಬಿಡಲು ಬೇಕಾದ ಶಕ್ತಿಯೂ ಒಳಗೇ ಇರುತ್ತದೆ. ಎಲೆ ಪೂರ್ತಿ ಅರಳಿದ ಮೇಲೆ ಬೇರು ಕತ್ತರಿಸಿದರೆ ಮೇಲೆ ನೀರು ಆವಿಯಾಗುತ್ತಲೇ ಇರುತ್ತದೆ, ಕೆಳಗೆ ಹೀರುವ ಬೇರು ಇರುವುದಿಲ್ಲ, ಎಳೆ ಎಲೆ ಬಾಡಿ ಸುಟ್ಟಂತಾಗುತ್ತದೆ. ಎಲ್ಮ್ ಕೂಡ ಎಲೆ ಉದುರಿಸುವ ಮರವೇ, ಅದು ಇದ್ದವರೂ ಹೀಗೇ ಮಾಡಬಹುದು.

ಫೈಕಸ್ ಬಿಸಿ ನಾಡಿನ ಮರ. ಆಲ, ಅರಳಿ, ಅತ್ತಿ ಎಲ್ಲ ಇದೇ ಜಾತಿಯವು. ಇವಕ್ಕೆ ಬೇರು ವಾಸಿಯಾಗಲು ಬೆಚ್ಚನೆಯ ಮಣ್ಣು ಬೇಕು. ರಾತ್ರಿಯ ತಾಪಮಾನವೂ 15 ಡಿಗ್ರಿಗಿಂತ ಕೆಳಗೆ ಇಳಿಯದೆ, ತುದಿಯಲ್ಲಿ ಹೊಸ ಚಿಗುರು ಜೋರಾಗಿ ಬರುತ್ತಿರುವಾಗ ಮಾಡಿ. ಚಳಿಯಲ್ಲಿ ಬೇರು ಕತ್ತರಿಸಿದರೆ ಗಾಯ ಮಾಯುವುದಿಲ್ಲ, ಒದ್ದೆ ಮಣ್ಣಿನಲ್ಲಿ ಕೊಳೆಯುತ್ತದೆ.

ಜುನಿಪರ್‌ಗೂ ಚಳಿ ಮುಗಿದು ಬೆಳವಣಿಗೆ ಶುರುವಾಗುವ ಹೊತ್ತೇ ಒಳ್ಳೆಯದು. ಆದರೆ ಅದು ವರ್ಷವಿಡೀ ಹಸಿರಾಗಿರುವ, ನಿಧಾನದ ಮರ. ಮೇಪಲ್‌ಗೆ ಮಾಡಿದ ಹಾಗೆ ಹಳೆ ಮಣ್ಣನ್ನೆಲ್ಲ ತೊಳೆದು ಬೇರನ್ನು ಬರಿದು ಮಾಡಬೇಡಿ. ಈ ಸಲ ಒಂದು ಬದಿಯ ಮಣ್ಣು ತೆಗೆಯಿರಿ, ಇನ್ನೊಂದು ಬದಿ ಮುಂದಿನ ಸಲಕ್ಕೆ ಇರಲಿ. ಜುನಿಪರ್ ಒಳಗೆ ಸತ್ತಿದ್ದರೂ ಹೊರಗೆ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ, ಹಾಗಾಗಿ ತಪ್ಪು ಆಗಿದ್ದು ಗೊತ್ತಾಗುವಷ್ಟರಲ್ಲಿ ಕಾಲ ಮೀರಿರುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ಸರ್, ಪ್ರತಿ ವರ್ಷ ಬದಲಿಸಲೇಬೇಕಾ?

ಉತ್ತರ: ಬೇಡ. ಬೇಗ ಬೆಳೆಯುವ ಎಳೆ ಮರಕ್ಕೆ 1–2 ವರ್ಷಕ್ಕೊಮ್ಮೆ, ಹಳೆಯ ಮರಕ್ಕೆ 3–5 ವರ್ಷಕ್ಕೊಮ್ಮೆ ಸಾಕಾಗುತ್ತದೆ. ಇದೂ ಅಂದಾಜು ಮಾತ್ರ. ಹಾಕಿದ ನೀರು ಇಳಿಯದೆ ಮೇಲೆಯೇ ನಿಲ್ಲುತ್ತಿದೆಯಾ? ಬೇರಿನ ಒತ್ತಡಕ್ಕೆ ಮಣ್ಣು ಕುಂಡದ ಅಂಚಿಗಿಂತ ಮೇಲೆ ಎದ್ದಿದೆಯಾ? ಕಾಲ ಬಂದಾಗ ಮರವನ್ನು ಮೆಲ್ಲಗೆ ಎತ್ತಿ ನೋಡಿ. ಬೇರು ಕುಂಡದ ಗೋಡೆಗೆ ಸುತ್ತಿಕೊಂಡು ಚಾಪೆ ಹೆಣೆದ ಹಾಗಿದ್ದರೆ ಬದಲಿಸಿ. ಮಣ್ಣು ಇನ್ನೂ ಸಡಿಲವಾಗಿದ್ದರೆ ಹಾಗೇ ವಾಪಸ್ ಇಟ್ಟುಬಿಡಿ, ಸುಮ್ನೆ ತೊಂದರೆ ಕೊಡಬೇಡಿ.

ಪ್ರಶ್ನೆ: ಹೂ ಬಿಡುವ ಮರಕ್ಕೆ ಯಾವಾಗ? ನನ್ನದು ಅಜೇಲಿಯ. ಜೇಡ್ ಕೂಡ ಇದೆ.

ಉತ್ತರ: ಅಜೇಲಿಯಕ್ಕೆ ಹೂ ಮುಗಿದ ತಕ್ಷಣ ಮಾಡಿ ಮೇಡಂ. ಬಾಡಿದ ಹೂ ತೆಗೆದು ಹಾಕಿ ಆಮೇಲೆ ಬೇರಿನ ಕೆಲಸ. ಅದರ ಬೇರು ಕೂದಲಿನಷ್ಟು ಸಣ್ಣ, ಎಳೆದು ಬಿಡಿಸಬೇಡಿ. ಅದಕ್ಕೆ ಹುಳಿ ಮಣ್ಣೇ ಬೇಕು, ಸುಣ್ಣದ ಅಂಶ ಇರುವ ಮಣ್ಣು ಆಗದು.

ಜೇಡ್ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಅದರ ಲೆಕ್ಕ ಪೂರಾ ಬೇರೆ. ಬೆಚ್ಚನೆಯ ದಿನಗಳಲ್ಲಿ, ಒಣ ಮಣ್ಣಿನಲ್ಲಿ ನೆಡಿ. ನೆಟ್ಟ ಮೇಲೆ ಒಂದು ವಾರದ ತನಕ ನೀರು ಹಾಕಬೇಡಿ. ಬೇರಿನ ಗಾಯ ಒಣಗಬೇಕು, ಇಲ್ಲದಿದ್ದರೆ ಕೊಳೆತ ಒಳಗೆ ಇಳಿಯುತ್ತದೆ. ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಅಡೀನಿಯಂಗೂ ಇದೇ ಮಾತು.

ಪ್ರಶ್ನೆ: ಮೊನ್ನೆ ಒಂದು ಫೈಕಸ್ ತಂದೆ. ಮಣ್ಣಿನಿಂದ ಕೆಟ್ಟ ವಾಸನೆ ಬರ್ತಿದೆ, ಎಲೆ ಹಳದಿಯಾಗಿ ಉದುರುತ್ತಿದೆ. ಈಗ ಇಲ್ಲಿ ಚಳಿ. ಕಾಲ ಬರುವ ತನಕ ಕಾಯಬೇಕಾ?

ಉತ್ತರ: ಕಾಯಬೇಡಿ. ಹೊಸದಾಗಿ ತಂದ ಆರೋಗ್ಯವಾಗಿರುವ ಮರವಾಗಿದ್ದರೆ ಜಾಗಕ್ಕೆ ಹೊಂದಿಕೊಳ್ಳಲಿ, ಕುಂಡ ಆಮೇಲೆ ಅನ್ನುತ್ತಿದ್ದೆ. ನೀವು ಹೇಳುತ್ತಿರುವುದು ಬೇರು ಕೊಳೆತ ಲಕ್ಷಣ. ಈಗಲೇ ಹೊರಗೆ ತೆಗೆಯಿರಿ. ಕಪ್ಪಾಗಿ ಮೆತ್ತಗಾಗಿ, ಹಿಡಿದು ಎಳೆದರೆ ಸಿಪ್ಪೆ ಕಿತ್ತು ಬರುವ ಬೇರನ್ನು ಮಾತ್ರ ಶುದ್ಧ ಕತ್ತರಿಯಲ್ಲಿ ಕತ್ತರಿಸಿ. ಗಟ್ಟಿಯಾಗಿರುವ ಒಂದು ಬೇರನ್ನೂ ಮುಟ್ಟಬೇಡಿ. ನೀರು ಚೆನ್ನಾಗಿ ಬಸಿಯುವ ಹರಳು ಮಣ್ಣಿಗೆ ಹಾಕಿ, ಮನೆಯೊಳಗೆ ಬೆಚ್ಚಗೆ ಬೆಳಕು ಬೀಳುವ ಕಡೆ ಇಡಿ. ಆಕಾರ ಕೊಡೋದು, ಕೊಂಬೆಗೆ ತಂತಿ ಕಟ್ಟೋದು ಸದ್ಯಕ್ಕೆ ಮರೆತುಬಿಡಿ.

ಪ್ರಶ್ನೆ: ಬದಲಿಸಿದ ಮೇಲೆ ಏನು ಮಾಡಬೇಕು ಅಂತಲೂ ಹೇಳಿಬಿಡಿ ಸರ್. ಗೊಬ್ಬರ ಯಾವಾಗ ಹಾಕಲಿ? ಜಾಸ್ತಿ ಉದ್ದ ಇರುವ ಬೇರನ್ನು ಎಷ್ಟು ಕತ್ತರಿಸಬಹುದು?

ಉತ್ತರ: ಆರೋಗ್ಯವಾಗಿರುವ ಎಲೆ ಉದುರಿಸುವ ಮರದಲ್ಲಿ ಮೂರನೇ ಒಂದು ಭಾಗದವರೆಗೆ ಧೈರ್ಯವಾಗಿ ಕತ್ತರಿಸಿ. ಜುನಿಪರ್, ಪೈನ್‌ಗಳಲ್ಲಿ ಅದಕ್ಕಿಂತ ಕಡಿಮೆ. ಕೆಲಸ ನಡೆಯುವಾಗ ಬೇರು ಒಣಗಲು ಬಿಡಬೇಡಿ, ಆಗಾಗ ನೀರು ಚಿಮುಕಿಸಿ. ಇದನ್ನು ತುಂಬಾ ಜನ ಮರೆಯುತ್ತಾರೆ.

ಆಮೇಲೆ ಮರವನ್ನು ಕುಂಡಕ್ಕೆ ತಂತಿಯಿಂದ ಕಟ್ಟಿ. ಗಾಳಿಗೆ ಅಲ್ಲಾಡುತ್ತಿದ್ದರೆ ಹೊಸದಾಗಿ ಹುಟ್ಟಿದ ಬಿಳಿ ಬೇರಿನ ತುದಿ ಮುರಿದು ಹೋಗುತ್ತದೆ. ಮಣ್ಣು ತುಂಬುವಾಗ ಬೇರುಗಳ ಸಂದಿಗೆ ಕಡ್ಡಿಯಿಂದ ಮೆಲ್ಲಗೆ ತಿವಿದು ಇಳಿಸಿ, ಒಳಗೆ ಪೊಳ್ಳು ಉಳಿಯಬಾರದು. ಜೇಡ್, ಅಡೀನಿಯಂ ಬಿಟ್ಟು ಉಳಿದವಕ್ಕೆ ಕುಂಡದ ಕೆಳಗಿನಿಂದ ತಿಳಿ ನೀರು ಬರುವ ತನಕ ನೀರು ಕೊಡಿ. ಎರಡು ಮೂರು ವಾರ ಗಾಳಿ, ಸುಡುವ ಬಿಸಿಲು ತಾಗದ ಕಡೆ ಇಡಿ. ಚಳಿ ಜಾಸ್ತಿ ಇರುವ ಕಡೆ ಹಿಮ ಬೀಳುವ ರಾತ್ರಿಯಲ್ಲಿ ಮೇಪಲ್ ಅನ್ನು ಒಳಗೆ ಎತ್ತಿಡಿ, ಆಗ ತಾನೇ ಕತ್ತರಿಸಿದ ಬೇರು ಹೆಪ್ಪುಗಟ್ಟುವ ಚಳಿಯನ್ನು ತಾಳುವುದಿಲ್ಲ.

ಗೊಬ್ಬರಕ್ಕೆ 4–6 ವಾರ ಕಾಯಿರಿ. ಅಷ್ಟರಲ್ಲಿ ಹೊಸ ಚಿಗುರು ಹಿಡಿದುಕೊಂಡಿರುತ್ತದೆ. ಚಿಗುರು ಇನ್ನೂ ಸೋತ ಹಾಗೆ ಕಾಣುತ್ತಿದ್ದರೆ ಇನ್ನೊಂದೆರಡು ವಾರ ತಡೆಯಿರಿ. ನಿಮ್ಮ ಮೇಪಲ್ ಮೊಗ್ಗಿನ ಫೋಟೋ ಇಲ್ಲೇ ಹಾಕಿ, ಸಮಯ ಬಂತೋ ಇಲ್ಲವೋ ನೋಡಿ ಹೇಳುತ್ತೇನೆ.