ವಿದ್ಯಾರ್ಥಿವೇತನದ ಪ್ರಶ್ನೆಗಳಿಗೆ ಇಲ್ಲಿ ಉತ್ತರ

(ಉತ್ತರಿಸುವವರು: ಪದವಿ ಕಾಲೇಜೊಂದರ ವಿದ್ಯಾರ್ಥಿವೇತನ ವಿಭಾಗದ ವಿಷಯ ನಿರ್ವಾಹಕಿ)

ಪೋಷಕರು, ಹಾವೇರಿ: ಮೇಡಂ, ಮಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಏಳನೇ ತರಗತಿಯಲ್ಲಿ ಮಾಡಿಸಿದ್ದೆವು. ಈಗ ಬಿ.ಕಾಂ. ಮೊದಲ ವರ್ಷ. ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಆ ಪತ್ರದ ಮೇಲಿನ ಆರ್‌ಡಿ ಸಂಖ್ಯೆಯೇ ನಡೆಯುತ್ತದೆಯೇ?

ಉತ್ತರ: ಇಲ್ಲ. ಆದಾಯದ ಪ್ರಮಾಣಪತ್ರಕ್ಕೆ ಐದೇ ವರ್ಷ ಆಯಸ್ಸು. ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಕೊನೆಯ ವಾರಕ್ಕೆ ಬಿಡಬೇಡಿ.

ಬಿ.ಎಸ್ಸಿ. ವಿದ್ಯಾರ್ಥಿ, ತುಮಕೂರು: ಪಿಯುಸಿ ಅಂಕಗಳ ಮೇಲೆ ಕೇಂದ್ರ ವಲಯದ ವಿದ್ಯಾರ್ಥಿವೇತನ ಕಳೆದ ವರ್ಷ 12,000 ರೂಪಾಯಿ ಬಂದಿತ್ತು. ಈ ವರ್ಷ ತಾನಾಗಿಯೇ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಪ್ರತಿ ವರ್ಷ ಎನ್‌ಎಸ್‌ಪಿಯಲ್ಲಿ (ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್) ನವೀಕರಣದ ಅರ್ಜಿ ಹಾಕಬೇಕು. ಶೇ 50 ಅಂಕ, ಶೇ 75 ಹಾಜರಾತಿ ಇರಲೇಬೇಕು. ಅರ್ಜಿ ಸಲ್ಲಿಸಿದೆ ಎಂದು ಮನೆಯಲ್ಲಿ ಕುಳಿತುಕೊಳ್ಳಬೇಡಿ. ಕಾಲೇಜಿನವರು ಪರಿಶೀಲಿಸಿ ಮುಂದಕ್ಕೆ ಕಳುಹಿಸಿದ್ದಾರೆಯೇ, ತಿದ್ದುಪಡಿಗೆಂದು ವಾಪಸ್ ಮಾಡಿದ್ದಾರೆಯೇ ನೋಡಿ. ಅರ್ಹತೆ ಇದ್ದವರೇ ಇಲ್ಲಿ ಹಣ ಕಳೆದುಕೊಳ್ಳುವುದು.

ಬಿ.ಎ. ವಿದ್ಯಾರ್ಥಿನಿ, ಸಿಂಧನೂರು: ಮೇಡಂ, ಎಸ್‌ಎಸ್‌ಪಿಯಲ್ಲಿ ಹಣ ಪಾವತಿಯಾಗಿದೆ ಎಂದು ತೋರಿಸುತ್ತಿದೆ. ನನ್ನ ಪಾಸ್‌ಬುಕ್‌ನಲ್ಲಿ ಒಂದು ರೂಪಾಯಿಯೂ ಇಲ್ಲ. ಅರ್ಜಿ ಹಾಕಿದ್ದು ಸೈಬರ್ ಸೆಂಟರ್‌ನವರು. ಪಾಸ್‌ವರ್ಡ್ ಅವರ ಬಳಿ ಇದೆ, ಅರ್ಜಿಯಲ್ಲಿರುವ ಮೊಬೈಲ್ ಸಂಖ್ಯೆಯೂ ಅವರದೇ. ಮುಂದಿನ ವರ್ಷ ಕಾಲೇಜು ಬೇಡ ಎನ್ನುತ್ತಿದ್ದಾರೆ ಅಪ್ಪ.

ಉತ್ತರ: ತಂಗಿ, ಗಾಬರಿಯಾಗಬೇಡ. ಆದರೆ ತಡವನ್ನೂ ಮಾಡಬೇಡ. ಈ ಹಣ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆ ನೋಡಿ ಬರುತ್ತದೆ. ನಿನಗೆ ಎಷ್ಟು ಖಾತೆಗಳಿದ್ದರೂ ಕೊನೆಯದಾಗಿ ಯಾವ ಬ್ಯಾಂಕು ನಿನ್ನ ಆಧಾರ್ ಅನ್ನು ಎನ್‌ಪಿಸಿಐಗೆ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ) ಜೋಡಿಸಿದೆಯೋ ಅಲ್ಲಿಗೇ ಹೋಗುತ್ತದೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಡುವುದು ಬೇರೆ, ಈ ಜೋಡಣೆ ಬೇರೆ. ಸರ್ಕಾರದ ನೇರ ಪಾವತಿಗಳನ್ನು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ತೆರೆದರೆ ಯಾವ ಖಾತೆಗೆ ಜಮಾ ಆಗಿದೆ ಎಂಬುದು ಕಾಣುತ್ತದೆ. ಆಧಾರ್‌ಗೆ ಕೊಟ್ಟ ಮೊಬೈಲ್ ನಿನ್ನ ಕೈಯಲ್ಲಿದ್ದರೆ ಈಗಲೇ ನೋಡಿ ಹೇಳು. ಆ ಅಂಗಡಿಯಲ್ಲಿ ಎಂದಾದರೂ ಹೆಬ್ಬೆರಳು ಒತ್ತಿದ್ದೆಯಾ?

ಸದಸ್ಯರು, ಮಂಡ್ಯ: ಎಲ್ಲರಿಗೂ ಹಂಚಿ: ಬ್ಯಾಂಕಿನಿಂದ ಆಧಾರ್ ಬಿಡಿಸಿ 24 ಗಂಟೆ ಬಿಟ್ಟು ಮತ್ತೆ ಜೋಡಿಸಿದರೆ ತಡೆಹಿಡಿದ ವಿದ್ಯಾರ್ಥಿವೇತನ ತಕ್ಷಣ ಜಮಾ!

ಉತ್ತರ: ಇದನ್ನು ಅಳಿಸಿ. ಪಾವತಿ ನಡೆಯುತ್ತಿರುವಾಗ ಆಧಾರ್ ಬಿಡಿಸಿದರೆ ಬರುವ ಹಣವೂ ವಿಫಲವಾಗಿ ಹಿಂದಕ್ಕೆ ಹೋಗುತ್ತದೆ. ಎಲ್ಲ ವಿದ್ಯಾರ್ಥಿಗಳಿಗೂ ಸಾವಿರಾರು ರೂಪಾಯಿ ಎಂಬ ಲಿಂಕ್‌ಗಳನ್ನೂ ಇಲ್ಲಿ ಹಾಕಬೇಡಿ. ಮಕ್ಕಳು ಓಟಿಪಿ ಕೊಟ್ಟುಬಿಡುತ್ತಾರೆ.

ಸದಸ್ಯರು, ಮಂಡ್ಯ: ನಮ್ಮ ಓಣಿಯ ಹುಡುಗನಿಗೆ ಹೀಗೆ ಮಾಡಿಯೇ ಬಂದಿದೆ. ಒಳ್ಳೆಯದಕ್ಕೆ ಹೇಳಿದರೂ ತಪ್ಪೇ?

ಸೈಬರ್ ಸೆಂಟರ್ ನಡೆಸುವವರು, ದಾವಣಗೆರೆ: ನಮ್ಮನ್ನೆಲ್ಲ ಕಳ್ಳರ ಹಾಗೆ ಕಾಣಬೇಡಿ ಮೇಡಂ. ಸರ್ವರ್ ಕಾಯುತ್ತ ಮಧ್ಯರಾತ್ರಿವರೆಗೆ ಕುಳಿತು 50 ರೂಪಾಯಿಗೆ ಅರ್ಜಿ ಹಾಕಿಕೊಡುತ್ತೇವೆ.

ಪೋಷಕರು, ಹಾವೇರಿ: 50? ನಮ್ಮಲ್ಲಿ 300 ತೆಗೆದುಕೊಂಡರು. ಆಮೇಲೆ ಹೆಸರೂ ತಪ್ಪು.

ಸೈಬರ್ ಸೆಂಟರ್ ನಡೆಸುವವರು: ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ತರುವವರು ನೀವು. ಬೈಸಿಕೊಳ್ಳುವವರು ನಾವು. ಮಗಳು ಕಾಲೇಜಿಗೆ ಹೋಗುತ್ತಾಳಲ್ಲ, ಅವಳೇ ಹಾಕಲಿ.

ಪೋಷಕರು, ಹಾವೇರಿ: ಮಗಳ ವಿಷಯ ಎತ್ತಬೇಡಿ.

ಸದಸ್ಯರು, ಶಿರಸಿ: ಅದಿರಲಿ, ಟ್ರ್ಯಾಕ್ಟರ್ ಇರುವವರಿಗೂ ಕಡಿಮೆ ಆದಾಯದ ಪತ್ರ ಹೇಗೆ ಸಿಗುತ್ತದೆ? ಅದನ್ನು ಕೇಳುವವರು ಯಾರು?

ಸದಸ್ಯರು, ಮಂಡ್ಯ: ಟ್ರ್ಯಾಕ್ಟರ್ ಸಾಲದ್ದು. ಕಂತು ನೀವು ಕಟ್ಟುತ್ತೀರಾ?

ಉತ್ತರ: ಜಗಳ ಬೇರೆ ಕಡೆ ಆಡಿ. ಅಂಗಡಿಯವರ ದುಡಿಮೆ ನನಗೆ ಗೊತ್ತು. ಆದರೂ ಮೊಬೈಲ್ ಸಂಖ್ಯೆ, ಪಾಸ್‌ವರ್ಡ್ ವಿದ್ಯಾರ್ಥಿಯದೇ ಆಗಿರಬೇಕು. ಈ ಮಾತಿನಲ್ಲಿ ನಾನು ಸಡಿಲ ಬಿಡುವುದಿಲ್ಲ.

ವಿದ್ಯಾರ್ಥಿ, ಚಾಮರಾಜನಗರ: ಹಿಂದುಳಿದ ವರ್ಗದ ಹಾಸ್ಟೆಲ್‌ನಲ್ಲಿದ್ದೇನೆ. ವಿದ್ಯಾಸಿರಿ ಸಿಗುತ್ತದೆಯೇ?

ಉತ್ತರ: ಇಲ್ಲ. ಹಾಸ್ಟೆಲ್ ಸಿಗದವರ ಊಟ, ವಸತಿಗೆ ತಿಂಗಳ ಲೆಕ್ಕದಲ್ಲಿ 10 ತಿಂಗಳು ಕೊಡುವ ಹಣ ಅದು.

ಪೋಷಕರು, ಬೀದರ್: ಮಗ ಹೈದರಾಬಾದಿನಲ್ಲಿ ಓದುತ್ತಿದ್ದಾನೆ. ಎಸ್‌ಎಸ್‌ಪಿಯಲ್ಲಿ ಆ ಕಾಲೇಜಿನ ಹೆಸರು ಕಾಣುತ್ತಿಲ್ಲ. ಏನು ಮಾಡಬೇಕು?

ಬಿ.ಎ. ವಿದ್ಯಾರ್ಥಿನಿ, ಸಿಂಧನೂರು: ಮೇಡಂ, ಆ್ಯಪ್‌ನಲ್ಲಿ ಬೇರೊಂದು ಬ್ಯಾಂಕಿನ ಹೆಸರಿದೆ. ಅಂಗಡಿಯಲ್ಲಿ ಕೆವೈಸಿ ಎಂದು ಹೆಬ್ಬೆರಳು ಒತ್ತಿಸಿಕೊಂಡಿದ್ದರು. ಶಾಖೆಗೆ ಹೋಗಿ ಕೇಳಿದೆ. ಹಣ ಜಮಾ ಆದ ಮರುದಿನವೇ 2,000 ತೆಗೆದಿದ್ದಾರೆ. ಉಳಿದದ್ದು ಇದೆ.

ಉತ್ತರ: ನಾನು ಹೆದರಿದ್ದು ಇದಕ್ಕೇ. ಆ ಬೆರಳಚ್ಚಿನಿಂದ ನಿನ್ನ ಹೆಸರಿನಲ್ಲೇ ಬೇರೆ ಖಾತೆ ತೆರೆದಿರಬೇಕು. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ಕೊಡು. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡು. ಆಗ ಬೆರಳಚ್ಚಿನಿಂದ ಹಣ ತೆಗೆಯಲು ಆಗುವುದಿಲ್ಲ. ಶಾಖೆಯಿಂದ ಖಾತೆಯ ವಿವರಪಟ್ಟಿ ಮುದ್ರಿಸಿ ಪಡೆದುಕೋ. ವ್ಯವಸ್ಥಾಪಕರಿಗೆ ದೂರನ್ನು ಬರಹದಲ್ಲಿ ಕೊಟ್ಟು, ನಿನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೋ. ಉಳಿದ ಹಣ ನಿನ್ನ ಕೈಸೇರಿದ ಮೇಲೆ ನಿನ್ನ ಹಳೆಯ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯ ಅರ್ಜಿ ಕೊಡು. ಅಂಗಡಿಗೆ ಒಬ್ಬಳೇ ಹೋಗಬೇಡ, ಅಪ್ಪನನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗು. ಸರ್ಕಾರ ಹಣ ಕೊಟ್ಟಿದೆ, ನಿನ್ನ ಅರ್ಹತೆಯಲ್ಲಿ ಕೊರತೆಯಿಲ್ಲ ಎಂದು ಅಪ್ಪನಿಗೆ ಹೇಳು. ಬೇಕಾದರೆ ನಾನೇ ಮಾತನಾಡುತ್ತೇನೆ.

ಸದಸ್ಯರು, ಗದಗ: ಮೇಡಂ, ಹಳೆಯ ಆರ್‌ಡಿ ಸಂಖ್ಯೆ ನಡೆಯುತ್ತದೆಯೇ?

ಉತ್ತರ: ಮೊದಲ ಪ್ರಶ್ನೆಯ ಉತ್ತರ ಓದಿ.

ಸದಸ್ಯರು, ಗದಗ: ಒಂದು ಸಾಲು ಬರೆದರೆ ನಿಮಗೇನು ಕಷ್ಟ?

ಪೋಷಕರು, ಬೀದರ್: ನನ್ನ ಪ್ರಶ್ನೆಯನ್ನು ಯಾರೂ ನೋಡಲೇ ಇಲ್ಲ.