ಲೆಬನಾನಿನಲ್ಲೇ ಹುಟ್ಟಿದ ಪ್ಯಾಲೆಸ್ಟೀನಿಯನ್ನರು ಅಲ್ಲಿ ಡಾಕ್ಟರ್ ಆಗುವ ಹಾಗಿಲ್ಲವಾ?

ಪ್ರಶ್ನೆ:
1948ರಲ್ಲಿ ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ ಊರು ಬಿಟ್ಟು ಲೆಬನಾನಿಗೆ ಬಂದವರ ಮೊಮ್ಮಕ್ಕಳಿಗೆ ಇವತ್ತಿಗೂ ಡಾಕ್ಟರ್, ವಕೀಲ, ಇಂಜಿನಿಯರ್ ಕೆಲಸ ಮಾಡುವ ಹಾಗಿಲ್ಲ ಅಂತ ಓದಿದೆ. ಆದರೆ 2010ರಲ್ಲಿ ಕಾನೂನು ತಿದ್ದಿದ್ದರು ಅಲ್ವಾ? ಏನು ಬದಲಾಯಿತು ಹಾಗಾದರೆ?

ಉತ್ತರ 1:
ತಿದ್ದಿದ್ದು ನಿಜ. ವರ್ಕ್ ಪರ್ಮಿಟ್ ಶುಲ್ಕ ತೆಗೆದರು. ಆದರೆ ನೀವು ಹೇಳಿದ ಮೂರೂ ಕೆಲಸಕ್ಕೆ ಆಯಾ ವೃತ್ತಿ ಸಂಘದ ಸದಸ್ಯತ್ವ ಬೇಕು, ಆ ಸಂಘಗಳ ಕಾನೂನು ಬೇರೆ, ಅದನ್ನು ಯಾರೂ ಮುಟ್ಟಲಿಲ್ಲ. ವಕೀಲರಿಗೆ ಲೆಬನಾನಿ ಪೌರತ್ವವೇ ಬೇಕು. ಡಾಕ್ಟರ್, ಇಂಜಿನಿಯರ್‌ಗಳಿಗೆ ‘ನಿಮ್ಮ ದೇಶ ನಮ್ಮವರಿಗೆ ಕೆಲಸ ಕೊಟ್ಟರೆ ನಾವೂ ಕೊಡುತ್ತೇವೆ’ ಎನ್ನುವ ಷರತ್ತು. ದೇಶವೇ ಇಲ್ಲದವರು ಏನು ತೋರಿಸಬೇಕು? ಅದಕ್ಕೇ ಓದಿದವರಲ್ಲಿ ಎಷ್ಟೋ ಜನ ನಿರಾಶ್ರಿತರ ಕ್ಯಾಂಪ್ ಒಳಗಿನ ಕ್ಲಿನಿಕ್, ಉನ್ರ್ವಾ (ಪ್ಯಾಲೆಸ್ಟೀನಿ ನಿರಾಶ್ರಿತರನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಸಂಸ್ಥೆ) ಶಾಲೆ ಅಂತ ಅಲ್ಲಲ್ಲೇ ಕೆಲಸ ಹುಡುಕುತ್ತಾರೆ.

ಇನ್ನೊಂದು ತಮಾಷೆ ಇದೆ. ಪರ್ಮಿಟ್ ಇರುವ ಕೆಲಸಗಾರನ ಲೆಕ್ಕದಲ್ಲಿ ಸಾಮಾಜಿಕ ಭದ್ರತಾ ನಿಧಿಗೆ ಪೂರ್ತಿ ಕಂತು ಕಟ್ಟಬೇಕು, ಆದರೆ ಕಾಯಿಲೆ, ಹೆರಿಗೆ ಯಾವುದಕ್ಕೂ ಒಂದು ಕಾಸು ಬರುವುದಿಲ್ಲ. ಕೆಲಸ ಬಿಟ್ಟಾಗ ಬರುವ ಗ್ರಾಚ್ಯುಟಿ ಮಾತ್ರ. ಇಷ್ಟಕ್ಕೆ ಪರ್ಮಿಟ್ ಯಾಕೆ ಅಂತ ಸುಮ್ನೆ ದಿನಗೂಲಿಗೆ ಹೋಗುವವರೇ ಜಾಸ್ತಿ.

ಉತ್ತರ 2:
ಎಲ್ಲರೂ ಬೈಯುವುದು ಸುಲಭ. ಅದು ಸಣ್ಣ ದೇಶ, ಅಧಿಕಾರವೆಲ್ಲ ಧರ್ಮ ಪಂಗಡಗಳ ಲೆಕ್ಕದಲ್ಲಿ ಹಂಚಿದ್ದು. ಬಂದವರಲ್ಲಿ ಹೆಚ್ಚಿನವರು ಸುನ್ನಿ ಮುಸ್ಲಿಮರು, ಪೌರತ್ವ ಕೊಟ್ಟರೆ ಆ ಲೆಕ್ಕ ತಪ್ಪುತ್ತದೆ ಎನ್ನುವ ಭಯ. ಪ್ಯಾಲೆಸ್ಟೀನಿ ಸಶಸ್ತ್ರ ಗುಂಪುಗಳೂ ಕಾದಾಡಿದ 1975ರಿಂದ 1990ರವರೆಗಿನ ಅಂತರ್ಯುದ್ಧವನ್ನು ಅಲ್ಲಿ ಯಾರೂ ಮರೆತಿಲ್ಲ.

ಉತ್ತರ 3:
ಪೌರತ್ವ ಯಾರು ಕೇಳಿದರು ಮಾರಾಯ್ರೇ? ಸಿರಿಯಾ ಪೌರತ್ವ ಕೊಡದೆಯೇ 1956ರ ಕಾನೂನಿನಲ್ಲಿ ಕೆಲಸದ ಹಕ್ಕು ಕೊಟ್ಟಿತು. ಭಯ ಹುಟ್ಟಿಸುವ ಸಂಖ್ಯೆಯೂ ಅಷ್ಟಕ್ಕಷ್ಟೇ. ಉನ್ರ್ವಾ ಪಟ್ಟಿಯಲ್ಲಿ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಹೆಸರಿವೆ, 2017ರಲ್ಲಿ ಲೆಬನಾನ್ ಸರ್ಕಾರವೇ ಮನೆಮನೆ ಎಣಿಸಿದಾಗ ಸಿಕ್ಕಿದ್ದು 1,74,422 ಜನ. ಉಳಿದವರಲ್ಲಿ ಬಹಳ ಜನ ದೇಶ ಬಿಟ್ಟು ಹೋಗಿದ್ದಾರೆ.

ಬೈರೂತಿನ ಬುರ್ಜ್ ಅಲ್-ಬರಾಜ್ನೆ ಕ್ಯಾಂಪಿನ ಓಣಿಗಳ ಫೋಟೊ ನೋಡಿ. ಜಾಗ ಅಷ್ಟೇ ಇದೆ, ಮನೆಗಳು ಮೇಲಕ್ಕೆ ಬೆಳೆದಿವೆ. ತಲೆ ಮೇಲೆ ನೀರಿನ ಪೈಪು, ಕರೆಂಟ್ ವೈರು ಹೆಣೆದುಕೊಂಡಿರುತ್ತವೆ. ಶಾಕ್ ಹೊಡೆದು ಸತ್ತವರಿದ್ದಾರೆ. ಹೊರಗೆ ಮನೆ ಕೊಳ್ಳೋಣ ಅಂದರೆ 2001ರ ಕಾನೂನು ಅಡ್ಡ. ಅದರಲ್ಲಿ ಪ್ಯಾಲೆಸ್ಟೀನ್ ಹೆಸರೇ ಇಲ್ಲ, ‘ಮಾನ್ಯತೆ ಪಡೆದ ದೇಶದ ಪೌರತ್ವ ಇಲ್ಲದವರು’ ಅಂತ ಬರೆದಿದ್ದಾರೆ ಅಷ್ಟೆ. ಜಾಣತನ!

ಪ್ರಶ್ನೆ ಕೇಳಿದವರು:
ಹೆಂಡತಿ ಲೆಬನಾನಿನವಳಾದರೆ ಅವಳ ಹೆಸರಿಗೆ ಮಾಡಿಸಬಹುದಲ್ಲ?

ಉತ್ತರ 3:
ಮಾಡಿಸಬಹುದು, ಮಾಡಿಸುತ್ತಾರೆ ಕೂಡ. ಆದರೆ ಅಲ್ಲಿ ಮಕ್ಕಳಿಗೆ ಪೌರತ್ವ ತಂದೆಯ ಕಡೆಯಿಂದ ಬರುತ್ತದೆ, ತಾಯಿಯಿಂದಲ್ಲ. ಅವಳು ತೀರಿಕೊಂಡ ಮೇಲೆ ಗಂಡನ ಹೆಸರಿಗೂ ಆ ಮನೆ ಆಗುವುದಿಲ್ಲ, ಮಕ್ಕಳ ಹೆಸರಿಗೂ ಆಗುವುದಿಲ್ಲ.