ಇಂಗ್ಲೆಂಡ್‌ನಲ್ಲಿ 30 ಗಂಟೆ ಚೈಲ್ಡ್‌ಕೇರ್: ಒಬ್ಬರಿಗೆ ಐಎಲ್‌ಆರ್, ಒಬ್ಬರಿಗೆ ಸ್ಕಿಲ್ಡ್ ವರ್ಕರ್ ವೀಸಾ. ಕೋಡ್ ಯಾವಾಗ ತಗೋಬೇಕು?

ಪುಟ್ಟಿಯ ಅಮ್ಮ

ಮಗು ಹುಟ್ಟಿದ್ದು 2025ರ ಮೇ 20, ಅಂದ್ರೆ 2026ರ ಫೆಬ್ರವರಿ 20ಕ್ಕೆ ಒಂಬತ್ತು ತಿಂಗಳು ತುಂಬುತ್ತೆ. ನಾನು ಫೆಬ್ರವರಿ 23ಕ್ಕೆ ಕೆಲಸಕ್ಕೆ ವಾಪಸ್. ಯಜಮಾನರಿಗೆ ಐಎಲ್‌ಆರ್ (ಬ್ರಿಟನ್‌ನಲ್ಲಿ ಕಾಯಂ ಇರೋ ಅನುಮತಿ) ಇದೆ, ಸಂಬಳ ವರ್ಷಕ್ಕೆ 98,500 ಪೌಂಡ್, ಮಾರ್ಚ್‌ನಲ್ಲಿ 4,000 ಬೋನಸ್ ಬರುತ್ತೆ. ನನ್ನ ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ (ಸರಕಾರಿ ನೆರವು ಪಡೆಯೋ ಹಾಗಿಲ್ಲ) ಅಂತಿದೆ. ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೆ, ದುಡಿಯೋ ಅಪ್ಪ-ಅಮ್ಮ ಇದ್ರೆ ಸರಕಾರ ಕೊಡೋ ವಾರಕ್ಕೆ 30 ಗಂಟೆ ಉಚಿತ ಚೈಲ್ಡ್‌ಕೇರ್‌ಗೆ ನಾವು ಅರ್ಹರಾ? ಫೆಬ್ರವರಿಯಿಂದಲೇ ಗಂಟೆಗಳು ಸಿಗುತ್ತವಾ? ಇನ್ನೊಂದು, ವಾರಕ್ಕೆ ಮೂರು ದಿನ, ದಿನಕ್ಕೆ 10 ಗಂಟೆ ಕಳಿಸ್ತೀವಿ ಅಂದ್ರೆ ನರ್ಸರಿಯವರು ಬರೀ 22 ಗಂಟೆ ಚಿಲ್ಲರೆಗೆ ಫಂಡಿಂಗ್ ತೋರಿಸಿದ್ದಾರೆ, ಮೇಲೆ ದಿನಕ್ಕಿಷ್ಟು ಅಂತ ‘ಕನ್ಸ್ಯೂಮಬಲ್ಸ್’ ಚಾರ್ಜ್. ಇದು ಸರೀನಾ?

ತೇಮ್ಸ್ ದಂಡೆ

ಮೊದಲು ವೀಸಾ. ದಂಪತಿಯಲ್ಲಿ ಒಬ್ಬರಿಗೆ ಪಬ್ಲಿಕ್ ಫಂಡ್ಸ್ ಪಡೆಯೋ ಹಕ್ಕಿದ್ರೆ ಸಾಕು, ಐಎಲ್‌ಆರ್‌ಗೆ ಅದಿದೆ. ಹಾಗಾಗಿ ಗವ್ ಡಾಟ್ ಯುಕೆಯಲ್ಲಿ ಚೈಲ್ಡ್‌ಕೇರ್ ಅಕೌಂಟ್ ನಿಮ್ಮ ಯಜಮಾನರ ಹೆಸರಲ್ಲೇ ತೆಗೀರಿ. ನಿಮ್ಮ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಪಾರ್ಟ್‌ನರ್ ವಿವರದಲ್ಲಿ ಹೋಗುತ್ತೆ.

ತಾರೀಖಿನ ವಿಷಯದಲ್ಲಿ ಬಹಳ ಜನ ಎಡವೋದು ಇಲ್ಲೇ: ಒಂಬತ್ತು ತಿಂಗಳು ತುಂಬಿದ ದಿನದಿಂದ ಏನೂ ಸಿಗಲ್ಲ. ತುಂಬಿದ ನಂತರದ ಟರ್ಮ್‌ನಿಂದ ಸಿಗೋದು. ಟರ್ಮ್‌ಗಳು ಜನವರಿ 1, ಏಪ್ರಿಲ್ 1, ಸೆಪ್ಟೆಂಬರ್ 1. ನಿಮಗೆ 2026ರ ಏಪ್ರಿಲ್ 1. ಫೆಬ್ರವರಿ 23ರಿಂದ ಮಾರ್ಚ್ 31ರವರೆಗಿನ ಐದು ವಾರ ಚಿಲ್ಲರೆಗೆ ಪೂರ್ತಿ ಫೀಸು.

ಎರಡನೇ ಷರತ್ತು, ಅರ್ಜಿ ಒಪ್ಪಿದ ಮೇಲೆ ಸಿಗೋ ಕೋಡ್ ಕೂಡ ಟರ್ಮ್ ಶುರುವಾಗೋ ಮುಂಚೆಯೇ ಕೈಲಿರಬೇಕು. 11 ಅಂಕಿಯ ಕೋಡ್ ಮಾರ್ಚ್ 31ರೊಳಗೆ ಬಂದ್ರೆ ಏಪ್ರಿಲ್, ಏಪ್ರಿಲ್ 1ಕ್ಕೆ ಬಂದ್ರೆ ಸೆಪ್ಟೆಂಬರ್. ಒಂದು ದಿನದ ತಡಕ್ಕೆ ಐದು ತಿಂಗಳು ಕೈತಪ್ಪುತ್ತೆ. ಕೊನೆ ವಾರಕ್ಕೆ ಇಟ್ಕೋಬೇಡಿ. ಉತ್ತರ ಬರೋಕೆ ವಾರ ಹಿಡಿಯಬಹುದು, ದಾಖಲೆ ಕೇಳಿದ್ರೆ ಇನ್ನೂ ಎಳೆಯುತ್ತೆ. ಫೆಬ್ರವರಿಯಲ್ಲೇ ಮುಗಿಸಿ, ಕೋಡ್, ಮಗುವಿನ ಹುಟ್ಟಿದ ದಿನ, ಅಪ್ಲೈ ಮಾಡಿದವರ ಎನ್‌ಐ ನಂಬರ್ ಮೂರನ್ನೂ ನರ್ಸರಿಗೆ ಕೊಡಿ. ಅವರು ಕೋಡ್ ಪರೀಕ್ಷಿಸಿ ಸರಿ ಇದೆ ಅಂದ ಮೇಲಷ್ಟೇ ಗಂಟೆಗಳು ಖಾತ್ರಿ.

ಲೆಕ್ಕದ ಪುಸ್ತಕ

ಮೇಲಿನವರು ಆದಾಯದ ಮಿತಿಯ ವಿಷಯ ಎತ್ತಿಲ್ಲ, ನಿಮ್ಮ ಕೇಸಿನಲ್ಲಿ ಅಪಾಯ ಇರೋದೇ ಅಲ್ಲಿ.

ಕೆಳಗಿನ ಮಿತಿ ನಿಮಗೆ ತೊಂದರೆ ಕೊಡಲ್ಲ: ಇಬ್ಬರಲ್ಲಿ ಪ್ರತಿಯೊಬ್ಬರೂ ಮುಂದಿನ ಮೂರು ತಿಂಗಳಲ್ಲಿ ವಾರಕ್ಕೆ ಸರಾಸರಿ 16 ಗಂಟೆಯ ಕನಿಷ್ಠ ವೇತನದಷ್ಟು ದುಡಿಯಬೇಕು. 2025-26ರ ಗಂಟೆಗೆ 12.21 ಪೌಂಡ್ ದರದಲ್ಲಿ ಅದು ವಾರಕ್ಕೆ ಸುಮಾರು 195.

ಮೇಲಿನ ಮಿತಿ ಒಬ್ಬೊಬ್ಬರಿಗೆ 1,00,000 ಪೌಂಡ್, ಜಂಟಿ ಆದಾಯಕ್ಕಲ್ಲ. ಇಬ್ಬರೂ 99,000 ದುಡಿದ್ರೆ ಸಿಗುತ್ತೆ, ಒಬ್ಬರು 1,01,000 ಇನ್ನೊಬ್ಬರು 20,000 ದುಡಿದ್ರೆ ಇಲ್ಲ. ಇದರಲ್ಲಿ ನ್ಯಾಯ ಹುಡುಕಬೇಡಿ. ಲೆಕ್ಕಕ್ಕೆ ಬರೋದು ಅಡ್ಜಸ್ಟೆಡ್ ನೆಟ್ ಇನ್‌ಕಮ್, ಅಂದ್ರೆ ತೆರಿಗೆಗೆ ಒಳಪಡೋ ಒಟ್ಟು ಆದಾಯದಿಂದ ಪೆನ್ಷನ್‌ನಂಥ ಕೆಲವನ್ನ ಕಳೆದದ್ದು. 98,500 + 4,000 = 1,02,500. ಊರಲ್ಲಿ ಎಫ್‌ಡಿ ಇದ್ದು ವರ್ಷಕ್ಕೆ 700 ಪೌಂಡ್‌ನಷ್ಟು ಬಡ್ಡಿ ಬರ್ತಿದೆ ಅಂತಿಟ್ಟುಕೊಳ್ಳಿ, 1,03,200 ಆಯ್ತು. ಎನ್‌ಆರ್‌ಇ (ಅನಿವಾಸಿ ಭಾರತೀಯರ ಖಾತೆ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಅಂತ ಬಿಟ್ಟುಬಿಡೋರು ಜಾಸ್ತಿ, ಇಲ್ಲಿ ಅದೂ ಆದಾಯವೇ.

ದಾರಿ ಪೆನ್ಷನ್. 98,500 ಅನ್ನೋದು ಸ್ಯಾಲರಿ ಸ್ಯಾಕ್ರಿಫೈಸ್‌ಗೆ (ಸಂಬಳದ ಒಂದು ಭಾಗ ಕೈಗೆ ಬರದೆ ನೇರ ಪೆನ್ಷನ್‌ಗೆ ಹೋಗೋ ಏರ್ಪಾಡು) ಮುಂಚಿನ ಅಂಕಿಯಾದ್ರೆ ಆ ಕಡಿತ ಕಳೆಯಿರಿ, ಬಹುಶಃ ಆಗಲೇ ಮಿತಿಯೊಳಗಿರ್ತೀರಿ. ಇಲ್ಲದಿದ್ರೆ ಬೋನಸ್ಸನ್ನೇ ಸ್ಯಾಕ್ರಿಫೈಸ್ ಮಾಡೋಕಾಗುತ್ತಾ ಕೇಳಿ. ಅದೂ ಆಗದಿದ್ರೆ ಪರ್ಸನಲ್ ಪೆನ್ಷನ್‌ಗೆ 2,560 ಕಟ್ಟಿದ್ರೆ ಮೂಲದಲ್ಲೇ ತೆರಿಗೆ ರಿಯಾಯಿತಿ ಸೇರಿ 3,200 ಅಂತ ಲೆಕ್ಕ, ಅಷ್ಟೂ ಆದಾಯದಿಂದ ಕಳೆಯುತ್ತೆ. ಆದ್ರೆ ಸರಿಯಾಗಿ ಗೆರೆ ಮೇಲೆ ನಿಲ್ಲಬೇಡಿ, ಸ್ವಲ್ಪ ಹೆಚ್ಚೇ ಹಾಕಿ. ಏಪ್ರಿಲ್ 5ರೊಳಗೆ ದುಡ್ಡು ಪೆನ್ಷನ್‌ಗೆ ತಲುಪಿರಬೇಕು. ಮೇ ತಿಂಗಳಲ್ಲಿ ರೀಕನ್ಫರ್ಮ್ (ಇನ್ನೂ ಅರ್ಹರಿದ್ದೀವಿ ಅಂತ ಅಕೌಂಟ್‌ನಲ್ಲಿ ಮತ್ತೆ ದೃಢಪಡಿಸೋದು) ಮಾಡುವಾಗ ಕೇಳೋದು 2026-27ರ ಆದಾಯ, ಅದಕ್ಕೆ ಬೇರೆ ಲೆಕ್ಕ ಹಾಕಿ.

ನರ್ಸರಿ ರಿಜಿಸ್ಟರ್

22 ಗಂಟೆಯ ಒಗಟು: ಈ ‘30 ಗಂಟೆ’ ಅನ್ನೋ ಹೆಸರೇ ಅರ್ಧ ಸುಳ್ಳು. ಅದು ವರ್ಷಕ್ಕೆ 38 ವಾರ ಮಾತ್ರ, ಒಟ್ಟು 1,140 ಗಂಟೆ. ನಿಮ್ಮ ನರ್ಸರಿ ಕ್ರಿಸ್‌ಮಸ್ ವಾರ ಬಿಟ್ಟು 51 ವಾರ ತೆರೆದಿರುತ್ತೆ ಅಂತ ಕಾಣುತ್ತೆ, 1,140ನ್ನು 51ರಿಂದ ಭಾಗಿಸಿದ್ರೆ 22.35. ಇದಕ್ಕೆ ‘ಸ್ಟ್ರೆಚ್’ ಅಂತಾರೆ. ನೀವು 30 ಗಂಟೆ ಕಳಿಸ್ತೀರಿ, ಉಳಿದ 7.65 ಗಂಟೆಗೆ ದುಡ್ಡು. ಸ್ಟ್ರೆಚ್ ಬೇಡ ಅಂದ್ರೆ 38 ವಾರ ಪೂರ್ತಿ ಉಚಿತ, ಮಿಕ್ಕ 13 ವಾರ ಪೂರ್ತಿ ಫೀಸು. ಎರಡರಲ್ಲೂ ನೀವು ದುಡ್ಡು ಕೊಡೋದು ವರ್ಷಕ್ಕೆ 390 ಗಂಟೆಗೇ. ತಿಂಗಳ ಬಿಲ್ ಸಮವಾಗಿರಲಿ ಅನ್ನೋರಿಗೆ ಸ್ಟ್ರೆಚ್ ಹಿಡಿಸುತ್ತೆ, ಬೇಸಿಗೆ ರಜೆಗೆ ಮಗೂನ ಮನೇಲೇ ಇಟ್ಕೋಬಲ್ಲೋರಿಗೆ ಟರ್ಮ್-ಓನ್ಲಿ ಲಾಭ. ದಿನಕ್ಕೆ 10 ಗಂಟೆಗಿಂತ ಹೆಚ್ಚು ಫಂಡಿಂಗ್ ಬಳಸೋ ಹಾಗಿಲ್ಲ, ನೀವು ಅದರೊಳಗೇ ಇದ್ದೀರಿ.

ಕನ್ಸ್ಯೂಮಬಲ್ಸ್: ಊಟ, ನ್ಯಾಪಿ, ಸನ್‌ಕ್ರೀಮ್‌ಗೆ ದುಡ್ಡು ಕೇಳಬಹುದು. ಕಡ್ಡಾಯ ಮಾಡೋ ಹಾಗಿಲ್ಲ, ಕೊಟ್ಟರೇ ಸೀಟು ಅನ್ನೋ ಹಾಗೂ ಇಲ್ಲ. ಬುತ್ತಿ, ನ್ಯಾಪಿ ನಾವೇ ಕಳಿಸ್ತೀವಿ ಅಂತ ಹೇಳೋ ಅವಕಾಶ ಇರಬೇಕು. ತಮ್ಮ ರೇಟಿಗೂ ಸರಕಾರ ಕೊಡೋ ರೇಟಿಗೂ ಇರೋ ವ್ಯತ್ಯಾಸವನ್ನ ಟಾಪ್-ಅಪ್ ಅಂತ ವಸೂಲಿ ಮಾಡೋದಂತೂ ಪೂರ್ತಿ ನಿಷಿದ್ಧ. ಇನ್‌ವಾಯ್ಸ್‌ನಲ್ಲಿ ಉಚಿತ ಗಂಟೆ, ಹೆಚ್ಚುವರಿ ಗಂಟೆ, ಊಟ, ಸಾಮಾನು ಬೇರೆ ಬೇರೆ ಸಾಲಿನಲ್ಲಿ ಬರಲಿ ಅಂತ ಕೇಳಿ. ಒಪ್ಪದಿದ್ರೆ ಲೋಕಲ್ ಕೌನ್ಸಿಲ್‌ನ ಅರ್ಲಿ ಇಯರ್ಸ್ ವಿಭಾಗಕ್ಕೆ ಬರೀರಿ.

ಪುಟ್ಟಿಯ ಅಮ್ಮ

ತುಂಬಾ ಥ್ಯಾಂಕ್ಸ್. ರೀಕನ್ಫರ್ಮ್ ಮರೆತರೆ ಏನಾಗುತ್ತೆ? ಮತ್ತೆ ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ ಜೊತೆಗೇ ತಗೋಬಹುದಾ?

ತೇಮ್ಸ್ ದಂಡೆ

ತಗೋಬಹುದು, ಅದೇ ಅಕೌಂಟ್. ನೀವು 8 ಪೌಂಡ್ ಹಾಕಿದ್ರೆ ಸರಕಾರ 2 ಸೇರಿಸುತ್ತೆ, ಮೂರು ತಿಂಗಳಿಗೆ ಗರಿಷ್ಠ 500. ಆ 7.65 ಗಂಟೆಯನ್ನೂ ಊಟವನ್ನೂ ಇದರಿಂದಲೇ ಕಟ್ಟಿ. ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರ ಸರಕಾರಿ ಭತ್ಯೆ) ಪಡೆಯೋರಿಗೆ ಇದು ಸಿಗಲ್ಲ.

ರೀಕನ್ಫರ್ಮ್ ಪ್ರತಿ ಮೂರು ತಿಂಗಳಿಗೊಮ್ಮೆ. ಉದಾಹರಣೆಗೆ ಮೇ 10ಕ್ಕೆ ಅವಧಿ ಮುಗಿದು ನೀವು ಮರೆತ್ರೆ ಆಗಸ್ಟ್ 31ರವರೆಗೆ ಗ್ರೇಸ್ (ವಿನಾಯಿತಿ ಅವಧಿ) ಇದೆ, ಅಲ್ಲೀವರೆಗೆ ಅದೇ ನರ್ಸರಿಯಲ್ಲಿ ಗಂಟೆ ನಡೆಯುತ್ತೆ. ಗ್ರೇಸ್‌ನಲ್ಲಿ ಹೊಸ ನರ್ಸರಿಗೆ ಶುರು ಮಾಡೋಕಾಗಲ್ಲ, ಮನೆ ಬದಲಿಸೋರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಟ್ಯಾಕ್ಸ್-ಫ್ರೀಗೆ ಗ್ರೇಸೇ ಇಲ್ಲ, ಅವತ್ತಿಂದಲೇ ಸರಕಾರ ಸೇರಿಸೋ ದುಡ್ಡು ಬಂದ್.

ಡರ್ಬಿ ದಾರಿ

ಇದನ್ನ ಓದ್ತಿರೋ ಬೇರೆಯವರಿಗೆ: ಇಬ್ಬರಿಗೂ ಪಬ್ಲಿಕ್ ಫಂಡ್ಸ್ ಇಲ್ಲದಿದ್ರೆ ಈ ದುಡಿಯೋರ 30 ಗಂಟೆಯೂ ಇಲ್ಲ, ಟ್ಯಾಕ್ಸ್-ಫ್ರೀಯೂ ಇಲ್ಲ. ಆದ್ರೆ ಮೂರು ವರ್ಷ ತುಂಬಿದ ನಂತರದ ಟರ್ಮ್‌ನಿಂದ ಎಲ್ಲ ಮಕ್ಕಳಿಗೂ ಸಿಗೋ 15 ಗಂಟೆಗೆ ವೀಸಾ ಅಡ್ಡ ಬರಲ್ಲ, ಕೋಡೂ ಬೇಡ. ವೀಸಾಗೆ ತೊಂದರೆ ಆಗುತ್ತೇನೋ ಅಂತ ಹೆದರಿ ಇದನ್ನೂ ಬಿಡೋರಿದ್ದಾರೆ, ಬಿಡಬೇಡಿ. ಎರಡು ವರ್ಷದ ಮಕ್ಕಳಿಗೂ ಇಂಥ ಕುಟುಂಬಗಳಿಗೆ ಆದಾಯ ಕಡಿಮೆ ಇದ್ರೆ 15 ಗಂಟೆ ಇದೆ, ಒಂದು ಮಗುವಿದ್ದು ಲಂಡನ್ ಹೊರಗಿದ್ರೆ ಮಿತಿ 26,500 ಪೌಂಡ್, ಲಂಡನ್ ಒಳಗೆ 34,500. ಅದನ್ನ ಕೌನ್ಸಿಲ್ ಮೂಲಕ ಕೇಳಬೇಕು. ಸ್ಕಾಟ್ಲೆಂಡ್, ವೇಲ್ಸ್‌ನವರು ಮೇಲಿನ ಯಾವ ತಾರೀಖನ್ನೂ ನಂಬಬೇಡಿ, ಅಲ್ಲಿಯ ಯೋಜನೆಗಳೇ ಬೇರೆ.